ಭಂಗಾರವೋ ಬಂಗಾರವೋ: ಅಟ್ಟದ ಮೇಲಿನ ಹಳೆಯ ಡ್ರಮ್ ಸೆಟ್ಟಿಗೆ ಬೆಲೆ ಕಟ್ಟುವ ಬಗೆ

ಬೆಳಗಾವಿಯಲ್ಲಿ ಗುಜರಿ ಮಾಲಿಗೆ ಭಂಗಾರ ಅನ್ನುತ್ತೇವೆ. ಚಿನ್ನಕ್ಕೆ ಬಂಗಾರ. ನಡುವೆ ಇರುವುದು ಒಂದು ಮಹಾಪ್ರಾಣ, ಅಷ್ಟೇ. ಹಳೆಯ ಡ್ರಮ್ ಸೆಟ್ಟಿನ ವಿಷಯದಲ್ಲಿ ಆ ಒಂದು ಮಹಾಪ್ರಾಣದ ಬೆಲೆ ಎಷ್ಟೆಂದು ನನಗೆ ತಿಳಿಯಬೇಕಾದರೆ ನಮ್ಮ ಕಾಕಾನ ಸೆಟ್ಟು ಹಾಳಾಗಬೇಕಾಯಿತು.

ಕಾಕಾ 1970ರ ದಶಕದಲ್ಲಿ ಮದುವೆ ಬ್ಯಾಂಡಿನಲ್ಲಿ, ಆಮೇಲೆ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದರು. ಸೆಟ್ಟು ಇಂಗ್ಲೆಂಡಿನ ಪ್ರೀಮಿಯರ್ ಕಂಪನಿಯದು. ಗಲ್ಫ್‌ಗೆ ಹೊರಟಿದ್ದ ಗೋವೆಯ ವಾದಕರೊಬ್ಬರಿಂದ ಕೊಂಡದ್ದು. ಕಾಕಾ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಮಾರೋಣವೆಂದು ಒಂದು ಫೋಟೋ ತೆಗೆದು ಹಾಕಿದೆವು. ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿ, ಹದಿನೈದು ದಿನ ಬಿಟ್ಟು ಬರುತ್ತೇನೆಂದರು. ಆ ಹದಿನೈದು ದಿನದಲ್ಲಿ ನಾವು ಸುಮ್ಮನಿರಲಿಲ್ಲ. ಗಿರಾಕಿಗೆ ಚಂದ ಕಾಣಲಿ ಎಂದು ಉದ್ಯಮಬಾಗದ ಕಡೆಯ ಒಂದು ಶೆಡ್ಡಿನಲ್ಲಿ ಡ್ರಮ್ಮಿನ ಬಾಯಿ ಬಿಗಿಯುವ ಲೋಹದ ಬಳೆಗಳಿಗೆಲ್ಲ ಹೊಸ ಕ್ರೋಮ್ ಹಾಕಿಸಿದೆವು, ಮಾಸಿದ ಹೊದಿಕೆ ಕಿತ್ತು ಮೈಗೆ ಕೆಂಪು ಡ್ಯುಕೋ ಬಣ್ಣ ಹೊಡೆಸಿದೆವು. ಆ ಮನುಷ್ಯ ಬಂದು, ಚಹಾ ಕುಡಿದು, ಸೆಟ್ಟಿನ ಸುತ್ತ ಒಂದು ಸುತ್ತು ಹಾಕಿ ಕೇಳಿದ್ದು ಒಂದೇ ಮಾತು: “ಫೋಟೋದಾಗ ಇದ್ದ ಸೆಟ್ಟು ಎಲ್ಲಿ ಐತ್ರಿ?”

ಫೋನಿನಲ್ಲಿ ಹೇಳಿದ್ದ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಕೊಟ್ಟೆವು. ಬಣ್ಣಕ್ಕೂ ಕ್ರೋಮಿಗೂ ನಾವು ಸುರಿದ ದುಡ್ಡು ಬೇರೆ.

ಅಂದಿನಿಂದ ಯಾರ ಮನೆಯಲ್ಲಿ ಹಳೆಯ ಸೆಟ್ಟು ಇದೆ ಎಂದರೂ ಹೋಗಿ ನೋಡುವ ಚಟ ಹತ್ತಿತು. ಕ್ಯಾಂಪಿನ ಹಳೆಯ ಮನೆಗಳಲ್ಲಿ, ಶಹಾಪುರದ ಬ್ಯಾಂಡಿನವರ ಹಿತ್ತಿಲಲ್ಲಿ, ಒಮ್ಮೆ ಬಾಗಲಕೋಟೆಯ ನವನಗರದಲ್ಲಿ ಒಂದು ಮೆಟ್ಟಿಲ ಕೆಳಗೆ. ನೋಡಿ ಕಲಿತ ಕ್ರಮ ಇದು.

ಒಂದು: ಮುಟ್ಟಬೇಡಿ

ಒಣ ಬಟ್ಟೆಯಿಂದ ಧೂಳು ಹೊಡೆಯಿರಿ, ಸಾಕು. ಬ್ರಾಸೊ ಬೇಡ, ಕೊಬ್ಬರಿ ಎಣ್ಣೆ ಬೇಡ, ಉಪ್ಪುಕಾಗದ ಅಂತೂ ಮನೆಯೊಳಗೇ ತರಬೇಡಿ. ತಿರುಪು ಹತ್ತಿಕೊಂಡಿದ್ದರೆ ಪಾನಾ ಹಾಕಿ ಜಗ್ಗಬೇಡಿ. ಹಳೆಯ ಬ್ರಿಟಿಷ್ ಸೆಟ್ಟಿನ ತಿರುಪಿಗೆ ಇಲ್ಲಿಯ ಅಂಗಡಿಯ ಬೋಲ್ಟು ಹೊಂದುವುದೇ ಅಪರೂಪ, ಒಂದು ತುಂಡಾದರೆ ಅದರ ಜೋಡಿಗಾಗಿ ವರ್ಷಗಟ್ಟಲೆ ಹುಡುಕಬೇಕು.

ಆಮೇಲೆ ಮನೆಯೆಲ್ಲ ತಡಕಿ. ಸೆಟ್ಟು ಅಟ್ಟದ ಮೇಲಿದ್ದರೆ ಅದರ ಸಾಮಾನು ಮಾತ್ರ ಮೊಳೆ ಡಬ್ಬಿಯಲ್ಲಿ, ಹೊಲಿಗೆ ಯಂತ್ರದ ಡ್ರಾವರಿನಲ್ಲಿ, ದೇವರ ಮನೆಯ ಮೂಲೆಯಲ್ಲಿ ಇರುತ್ತದೆ. ಬಾಸ್ ಡ್ರಮ್ ಜಾರದಂತೆ ಹಿಡಿಯುವ ಮುಳ್ಳುಕಾಲು, ನೆಲದ ಮೇಲೆ ನಿಲ್ಲುವ ಟಾಮ್ ಎಂಬ ಡ್ರಮ್ಮಿನ ಮೂರು ಕಾಲು, ಟಾಮ್ ಕೂಡಿಸುವ ಬ್ರ್ಯಾಕೆಟ್, ಬೋಲ್ಟು ತಿರುಗಿಸುವ ಚೌಕ ಬಾಯಿಯ ಕೀ, ಕಂಪನಿಯ ಹೆಸರು ಬರೆದ ಮುಂಭಾಗದ ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿದ ಪೊರೆ), ಹರಿದಿದ್ದರೂ ಸರಿ. ಢೋಲ್ ಪಥಕದ ಹುಡುಗರು ಪಾನಾ ಅನ್ನುವುದು ಆ ಚೌಕ ಬಾಯಿಯ ಕೀಗೇ. ಹಳೆಯ ಬಿಲ್ಲು, ಪೆಟ್ಟಿಗೆ, ಕಾಕಾ ಅಥವಾ ಅಜ್ಜ ಸ್ಟೇಜಿನ ಮೇಲೆ ಬಾರಿಸುತ್ತಿರುವ ಕಪ್ಪು ಬಿಳುಪು ಫೋಟೋ, ಎಲ್ಲ ಒಂದು ಡಬ್ಬಿಗೆ. ಸೆಟ್ಟು ಇಂಥ ವರ್ಷದಲ್ಲಿ ಇಂಥ ರೂಪದಲ್ಲಿತ್ತು ಎಂಬುದಕ್ಕೆ ಆ ಫೋಟೋಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಎರಡು: ಇದು ಸೆಟ್ಟೋ, ಸಂತೆಯೋ

ನಮ್ಮ ಕಡೆ ಇದೊಂದು ದೊಡ್ಡ ಗೊಂದಲ. ಬೆಳಗಾವಿ ದಂಡಿನ ಊರು. ಮರಾಠಾ ಲೈಟ್ ಇನ್ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇಲ್ಲೇ ಇದೆ. ಮಿಲಿಟರಿ ಬ್ಯಾಂಡು, ಶಾಲೆಗಳ ಬ್ಯಾಂಡು, ಮದುವೆ ಬ್ಯಾಂಡು ಎಲ್ಲವೂ ಇದ್ದ ಊರಿನಲ್ಲಿ ಕೊರಳಿಗೆ ಹಾಕಿಕೊಂಡು ನಡೆಯುತ್ತ ಬಾರಿಸುವ ಸೈಡ್ ಡ್ರಮ್ಮು, ಎದೆಯ ಮೇಲಿನ ದೊಡ್ಡ ಡ್ರಮ್ಮು ಬೇಕಾದಷ್ಟು ಸಿಗುತ್ತವೆ. ಅವುಗಳ ಮೇಲೂ ಪ್ರೀಮಿಯರ್ ಬಿಲ್ಲೆ ಇರಬಹುದು. ಆದರೆ ಅವು ಕೂತು ಬಾರಿಸುವ ಸೆಟ್ಟಿನ ಭಾಗವಲ್ಲ, ಅವುಗಳ ಗಿರಾಕಿಯೇ ಬೇರೆ.

ಸೆಟ್ಟು ಎನ್ನಬೇಕಾದರೆ ಕಡಿಮೆ ಎಂದರೂ ನಾಲ್ಕು ಬೇಕು: ಕಾಲಿನಿಂದ ಬಾರಿಸುವ ಬಾಸ್, ಅದರ ಮೇಲೆ ಕೂಡುವ ಚಿಕ್ಕ ಟಾಮ್, ನೆಲದ ಟಾಮ್, ಅಡಿಯಲ್ಲಿ ತಂತಿ ಬಿಗಿದ ಸ್ನೇರ್. ಟೇಪು ಹಿಡಿದು ಅಡ್ಡಗಲ ಅಳೆಯಿರಿ. ಬಳೆಯ ಹೊರಗಿನಿಂದಲ್ಲ, ಶೆಲ್ಲಿನ, ಎಂದರೆ ಡ್ರಮ್ಮಿನ ಕಟ್ಟಿಗೆಯ ಮೈಯ, ಅಗಲ. ಬಾಸ್ 22 ಇಂಚು, ಟಾಮುಗಳು 13 ಮತ್ತು 16, ಅಥವಾ ಬಾಸ್ 20, ಟಾಮುಗಳು 12 ಮತ್ತು 14. ಹಳೆಯ ಕಾಲದಲ್ಲಿ ಹೆಚ್ಚು ನಡೆದದ್ದು ಈ ಎರಡು ಜೋಡಿ. ದೊಡ್ಡದಕ್ಕೆ ಹೆಚ್ಚು ಬೆಲೆ ಎಂದುಕೊಳ್ಳಬೇಡಿ, 20-12-14ರ ಸಣ್ಣ ಸೆಟ್ಟಿಗೆ ಜಾಜ್ ಬಾರಿಸುವವರು ಬೆನ್ನು ಹತ್ತುತ್ತಾರೆ. 24, 26 ಇಂಚಿನ ಬಾಸ್ ಬೇಕೆನ್ನುವವರೂ ಇದ್ದಾರೆ, ಆದರೆ ಕಡಿಮೆ.

ನಾಲ್ಕೂ ಒಂದೇ ಬಣ್ಣ, ಒಂದೇ ನಮೂನೆಯ ಲಗ್ (ಬೋಲ್ಟು ಹಿಡಿಯಲು ಮೈಗೆ ಕೂಡಿಸಿದ ಲೋಹದ ತುಂಡು), ಒಂದೇ ಬಿಲ್ಲೆ ಇದೆಯೇ ನೋಡಿ. ಬ್ಯಾಂಡಿನವರ ಕೈಯಲ್ಲಿ ಮೂವತ್ತು ವರ್ಷ ಇದ್ದ ಸೆಟ್ಟಿನಲ್ಲಿ ಎರಡು ಇಂಗ್ಲೆಂಡಿನವು, ಒಂದು ಜಪಾನಿನದು, ಒಂದು ಮೀರತ್‌ನದು ಸೇರಿಕೊಂಡಿರುವುದು ಮಾಮೂಲು. ಅದು ಸೆಟ್ಟಲ್ಲ, ಸಂತೆ. ಬಿಡಿಬಿಡಿಯಾಗಿ ಬೆಲೆ ಕಟ್ಟಿ.

ಮೂರು: ಬಿಲ್ಲೆ ಓದಿ, ಆದರೆ ನಂಬಬೇಡಿ

ಶೆಲ್ಲಿನ ಗಾಳಿ ತೂತಿನ ಸುತ್ತ ಇರುವ ಲೋಹದ ಬಿಲ್ಲೆಯೇ ಡ್ರಮ್ಮಿನ ಜಾತಕ. ನಮ್ಮ ಭಾಗದಲ್ಲಿ ಕಾಣಸಿಗುವವುಗಳನ್ನೇ ಮೊದಲು ಹೇಳುತ್ತೇನೆ.

ಪ್ರೀಮಿಯರ್. 1922ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಂಪನಿ. 1940ರ ಬಾಂಬ್ ದಾಳಿಯಲ್ಲಿ ಕಾರ್ಖಾನೆ ನಾಶವಾದ ಮೇಲೆ ಲೆಸ್ಟರ್‌ಗೆ ಹೋಯಿತು. ಕ್ರೋಮ್ ಗಟ್ಟಿ, ಕೆಲಸ ಗಟ್ಟಿ. ಇದರಲ್ಲಿ ಒಂದು ಮರ್ಮವಿದೆ: 1960ರ ದಶಕದ ಕೊನೆಯವರೆಗೆ ಪ್ರೀಮಿಯರ್ ತನ್ನದೇ ಅಳತೆಯಲ್ಲಿ ಶೆಲ್ ಮಾಡುತ್ತಿತ್ತು. ಹೆಸರಿಗೆ 14 ಇಂಚು, ನಿಜಕ್ಕೂ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಇವತ್ತಿನ ಸಾಮಾನ್ಯ 14 ಇಂಚಿನ ಹೆಡ್ ಅದರ ಮೇಲೆ ಇಳಿಯುವುದಿಲ್ಲ, ಬೇರೆಯೇ ಅಳತೆಯ ಹೆಡ್ ತರಿಸಬೇಕು. ಅದಕ್ಕೇ ಅಂಗಡಿಯ ಒಂದು ಹೊಸ ಹೆಡ್ ಇಟ್ಟು ನೋಡಿ. ಇಳಿಯದಿದ್ದರೆ ಸೆಟ್ಟು ಹಳೆಯದು ಎಂಬುದು ಖಾತ್ರಿ, ಆದರೆ ಗಿರಾಕಿಗಳೂ ಅಷ್ಟೇ ಕಡಿಮೆ. ಒಲಿಂಪಿಕ್ ಎಂಬ ಬಿಲ್ಲೆ ಕಂಡರೆ ಅದು ಪ್ರೀಮಿಯರ್ ಕಂಪನಿಯದೇ ಅಗ್ಗದ ಮಾಲು. ಬೆವರ್ಲಿ ಎಂಬ ಇನ್ನೊಂದು ಬ್ರಿಟಿಷ್ ಡ್ರಮ್ ಕಂಪನಿಯನ್ನೂ ಪ್ರೀಮಿಯರ್ 1958ರಲ್ಲಿ ಕೊಂಡಿತು.

ಲುಡ್ವಿಗ್. ಅಮೆರಿಕದ ಶಿಕಾಗೋ ಊರಿನದು, 1909ರಿಂದ. ಇದು ಸಿಕ್ಕರೆ ನಿಮ್ಮ ಅದೃಷ್ಟ. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಟಿವಿಯಲ್ಲಿ ಮೊದಲ ಸಲ ಬಾರಿಸಿದ ರಾತ್ರಿ ರಿಂಗೊ ಸ್ಟಾರ್ ಕೂತದ್ದು ಲುಡ್ವಿಗ್ ಸೆಟ್ಟಿನ ಹಿಂದೆ. ಆ ಬಳಿಕ ಕಾರ್ಖಾನೆಗೆ ಬೇಡಿಕೆ ಪೂರೈಸುವುದೇ ಕಷ್ಟವಾಯಿತು. ಇವತ್ತಿಗೂ 1960ರ ದಶಕದ ಲುಡ್ವಿಗ್‌ಗೆ ಬೆಲೆ ಇರುವುದು ಬಹುಮಟ್ಟಿಗೆ ಆ ಒಂದು ರಾತ್ರಿಯ ಪುಣ್ಯ. ಕಮಾನಿನ ನಡುಗಲ್ಲಿನ ಆಕಾರದ ಬಿಲ್ಲೆ 1960ರ ದಶಕದ್ದು. 1963ರ ಕೊನೆಯಿಂದ ಅದರ ಮೇಲೆ ನಂಬರು ಬಂತು. ನೀಲಿ ಮತ್ತು ಆಲಿವ್ ಹಸಿರು ಬಣ್ಣದ ಬಿಲ್ಲೆ 1970ರ ದಶಕದ್ದು. ನಂಬರು ನೋಡಿ ವರ್ಷ ಹೇಳುವ ಪಟ್ಟಿಗಳು ನೆಟ್ಟಿನಲ್ಲಿವೆ. ಆದರೆ ಕಾರ್ಖಾನೆಯ ಕೆಲಸಗಾರರು ಬಿಲ್ಲೆಗಳನ್ನು ಡಬ್ಬಿಯಿಂದ ಕೈಗೆ ಸಿಕ್ಕ ಹಾಗೆ ಎತ್ತಿ ಹೊಡೆಯುತ್ತಿದ್ದರು, ಆದ್ದರಿಂದ ಪಟ್ಟಿ ಒಂದೆರಡು ವರ್ಷ ಆಚೆ ಈಚೆ ಆಗುತ್ತದೆ. ಶೆಲ್ಲಿನ ಒಳಗೆ ಕೆಂಪು ಶಾಯಿಯ ತಾರೀಖು ಮುದ್ರೆ ಇದ್ದರೆ ಅದನ್ನೇ ಹಿಡಿಯಿರಿ.

ಜಪಾನಿನವು. 1960ರ ದಶಕದಲ್ಲಿ ಜಪಾನಿನಿಂದ ಅಗ್ಗದ ಸೆಟ್ಟುಗಳು ಹತ್ತಾರು ಹೆಸರಿನಲ್ಲಿ ಬಂದವು. ಮಾಲು ಒಂದೇ, ಬಿಲ್ಲೆ ಬೇರೆ ಬೇರೆ. ಒಳಗಿನ ಕಟ್ಟಿಗೆ ಕೆಂಗಂದು ಬಣ್ಣದ ಲೌವಾನ್. ಇವು ಹಳೆಯವು ನಿಜ, ಆದರೆ ಹೆಚ್ಚು ಬೆಲೆ ಇಲ್ಲ. ಟಾಮಾ ಎಂಬ ಹೆಸರು 1974ರಲ್ಲಿ ಬಂತು. ಅದರ ಬರ್ಚ್ ಕಟ್ಟಿಗೆಯ ಸೂಪರ್‌ಸ್ಟಾರ್ ಸೆಟ್ಟು ಸಿಕ್ಕರೆ ಒಳ್ಳೆಯದು, ಇಂಪೀರಿಯಲ್‌ಸ್ಟಾರ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಯಮಹಾದ ರೆಕಾರ್ಡಿಂಗ್ ಕಸ್ಟಮ್ ಕೂಡ ಬರ್ಚ್, ಸ್ಟುಡಿಯೋದವರ ಕಣ್ಮಣಿ. ಪರ್ಲ್ ಎಕ್ಸ್‌ಪೋರ್ಟ್ 1982ರಿಂದ ಲಕ್ಷಗಟ್ಟಲೆ ಮಾರಾಟವಾದ ಸೆಟ್ಟು. ಬಾರಿಸಲು ಚೆನ್ನಾಗಿದೆ, ಸಂಗ್ರಹಕಾರರು ಮೂಸುವುದಿಲ್ಲ.

ಮೀರತ್. ಉತ್ತರ ಪ್ರದೇಶದ ಈ ಊರಿನಲ್ಲಿ ಬ್ಯಾಂಡ್ ವಾದ್ಯ ಮಾಡುವ ಕಸುಬು 1885ರಿಂದ ಇದೆ. ದೇಶದ ಮದುವೆ ಬ್ಯಾಂಡುಗಳೆಲ್ಲ ಬಹುತೇಕ ಅದರ ಋಣದಲ್ಲಿವೆ. ನಮ್ಮ ಕಡೆಯ ಹಳೆಯ ಸೆಟ್ಟುಗಳಲ್ಲಿ ಹೆಚ್ಚಿನವು ಅಲ್ಲಿಯವೇ. ಇವುಗಳಿಗೆ ಬಳಕೆಯ ಬೆಲೆ ಉಂಟು, ಹಳಮೆಯ ಬೆಲೆ ಇಲ್ಲ. ಕೆಲವಕ್ಕೆ ಯಾರೋ ವಿಲಾಯತಿ ಬಿಲ್ಲೆ ಹೊಡೆದಿರುತ್ತಾರೆ. ಬಿಲ್ಲೆಯನ್ನು ಹಿಡಿದ ಗೂಟ ಹೊಸದಾಗಿ ಹೊಳೆಯುತ್ತಿದ್ದರೆ, ಅಥವಾ ಅದರ ಸುತ್ತ ಇನ್ನೊಂದು ಬಿಲ್ಲೆಯ ನೆರಳು ಕಂಡರೆ ಅನುಮಾನಪಡಿ. “ಇದು ಇಂಗ್ಲಂಡದ ಮಾಲ ಅದರೀ” ಎಂದು ಹೇಳುವವರು ಸುಳ್ಳು ಹೇಳುತ್ತಾರೆಂದಲ್ಲ. ಅವರಿಗೂ ಹಾಗೆಯೇ ಹೇಳಿ ಕೊಟ್ಟಿರುತ್ತಾರೆ.

ನಾಲ್ಕು: ಒಳಗೆ ಟಾರ್ಚು ಹಾಕಿ

ಬಿಲ್ಲೆ ಸುಳ್ಳು ಹೇಳಬಹುದು, ಕಟ್ಟಿಗೆ ಹೇಳುವುದಿಲ್ಲ. ಒಂದು ಬದಿಯ ಹೆಡ್ ಬಿಚ್ಚಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಬನ್ನಿ. ಒಂದೇ ಕಡೆ ಪೂರಾ ಬಿಚ್ಚಿದರೆ ಬಳೆ ಸೊಟ್ಟಗಾಗುತ್ತದೆ.

ಒಳಗಿನ ಬಣ್ಣ ನೋಡಿ. 1960ರ ದಶಕದ ಲುಡ್ವಿಗ್ ಒಳಗೆ ಬೂದು ಬಣ್ಣದ ಚುಕ್ಕೆ ಲೇಪ ಇರುತ್ತದೆ, 1968ರ ಸುಮಾರಿಗೆ ಅದು ಹೋಗಿ ಕಟ್ಟಿಗೆ ಬಣ್ಣವೇ ಕಾಣತೊಡಗಿತು. ಗ್ರೆಚ್ ಎಂಬ ಅಮೆರಿಕದ ಕಂಪನಿಯ ಡ್ರಮ್ಮಿನ ಒಳಗೆ ಬೆಳ್ಳಿ ಬಣ್ಣ. ಅಂಚಿನ ಬಳಿ ಒಳಗೆ ಇನ್ನೊಂದು ಕಟ್ಟಿಗೆ ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ತೆಳುವಾದ ಹಳೆಯ ಶೆಲ್ಲಿಗೆ ಆಕಾರ ಕೆಡದಿರಲೆಂದು ಹೀಗೆ ಕಟ್ಟುತ್ತಿದ್ದರು. ಲುಡ್ವಿಗ್ 1976ರ ಸುಮಾರಿಗೆ ಮೂರು ಪದರದ ಶೆಲ್ಲಿನಿಂದ ಆರು ಪದರಕ್ಕೆ ಹೋದಾಗ ಆ ಪಟ್ಟಿ ಮಾಯವಾಯಿತು.

ಇನ್ನು ಎರಡು ಪರೀಕ್ಷೆ. ಇವಕ್ಕೆ ಅಂಗಡಿಯವರ ಉಪಕರಣ ಬೇಡ.

ಮೊದಲನೆಯದು ಗುಂಡಗಿದೆಯೇ ಎಂಬುದು. ಟೇಪಿನಿಂದ ಅಡ್ಡಗಲವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ನಾಲ್ಕೂ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ಕ್ಷಮಿಸಬಹುದು, ಅದಕ್ಕಿಂತ ಹೆಚ್ಚಾದರೆ ಆ ಡ್ರಮ್ಮಿಗೆ ಸರಿಯಾದ ಶ್ರುತಿ ಕೂಡುವುದಿಲ್ಲ.

ಎರಡನೆಯದು ಅಂಚು ಸಮ ಇದೆಯೇ ಎಂಬುದು. ಅಡುಗೆ ಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಶೆಲ್ಲನ್ನು ಬೋರಲು ಇಡಿ. ಶಹಾಬಾದಿ ಫರಸಿಯ ಮೇಲೆ ಇಡಬೇಡಿ, ಅದೇ ಸಮ ಇರುವುದಿಲ್ಲ. ಒಳಗೆ ಟಾರ್ಚು ಇಟ್ಟು ದೀಪ ಆರಿಸಿ, ಸುತ್ತ ಎಲ್ಲಿ ಬೆಳಕು ಸೋರುತ್ತದೆ ನೋಡಿ. ಒಂದೇ ಕಡೆ ಬೆರಳುಗಲ ಸೋರಿದರೆ ಅಲ್ಲಿ ಯಾರೋ ಕೆಡವಿದ್ದಾರೆ. ಸುತ್ತಲೂ ಅಲೆಯಂತೆ ಸೋರಿದರೆ ಶೆಲ್ಲೇ ತಿರುಚಿದೆ. ಅಂಚನ್ನು ಹೊಸದಾಗಿ ಕೊರೆಯಬಹುದು, ಆದರೆ ಅದು ಬಾಗಿಲು ಮಾಡುವ ಬಡಿಗನ ಕೆಲಸವಲ್ಲ. ತಾನು ಮಾಡುತ್ತೇನೆಂದು ಅವನು ಹೇಳಿಯೇ ಹೇಳುತ್ತಾನೆ.

ಊರಿನ ಹವೆಯೂ ಸೆಟ್ಟಿನ ಮೇಲೆ ಬರೆದಿರುತ್ತದೆ. ಬೆಳಗಾವಿಯ ನಾಲ್ಕು ತಿಂಗಳ ಜಿಟಿಜಿಟಿ ಮಳೆಯಲ್ಲಿ ಇದ್ದದ್ದಕ್ಕೆ ಬೂಷ್ಟು, ಕ್ರೋಮಿನ ಮೇಲೆ ಸಾಸಿವೆ ಕಾಳಿನಂಥ ತುಕ್ಕು. ವಿಜಯಪುರದಲ್ಲಿ ಪತ್ರಾಸಿನ ಕೆಳಗೆ ಬೇಸಿಗೆ ಕಳೆದದ್ದಕ್ಕೆ ಕ್ರೋಮ್ ಚೆನ್ನಾಗಿರುತ್ತದೆ, ಹೊದಿಕೆ ಮಾತ್ರ ಸುಕ್ಕಿ ಜೋಡಣೆಯಲ್ಲಿ ಬಾಯಿ ಬಿಟ್ಟಿರುತ್ತದೆ. ಎರಡರಲ್ಲಿ ನನಗೆ ವಿಜಯಪುರದ ಸೆಟ್ಟೇ ಇಷ್ಟ. ಕಟ್ಟಿಗೆ ಒಣಗಿ ಗಟ್ಟಿಯಾಗಿರುತ್ತದೆ.

ಹೊದಿಕೆಯ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಮುತ್ತಿನ ಹೊಳಪಿನ ಹೊದಿಕೆಗಳು ಸೆಲ್ಯುಲಾಯ್ಡಿನವು. ಅಸಲಿಯೇ ಎಂದು ನೋಡಲು ಬೆಂಕಿಕಡ್ಡಿ ಹಿಡಿಯುವ ಬುದ್ಧಿವಂತರಿದ್ದಾರೆ. ಸೆಲ್ಯುಲಾಯ್ಡ್ ಹಳೆಯ ಸಿನೆಮಾ ರೀಲಿನಂತೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬಿಳಿ ಹಳದಿಯಾಗಿದ್ದರೆ, ನೀಲಿ ಹಸಿರಿಗೆ ತಿರುಗಿದ್ದರೆ ಗಾಬರಿ ಬೇಡ, ಅದು ವಯಸ್ಸು. ಲಗ್ಗಿನ ಅಡಿಯಲ್ಲಿ ಮೂಲ ಬಣ್ಣ ಉಳಿದಿರುತ್ತದೆ, ಅಸಲಿ ಎಂಬುದಕ್ಕೆ ಅದೇ ಗುರುತು.

ಐದು: ತೂತು ಎಣಿಸಿ

ಎಲ್ಲಕ್ಕಿಂತ ಹೆಚ್ಚು ಹಣ ಸೋರುವುದು ಇಲ್ಲಿ.

ಕಾರ್ಖಾನೆಯಲ್ಲಿ ಕೊರೆದ ತೂತು ಎಷ್ಟು, ಆಮೇಲೆ ಊರಲ್ಲಿ ಕೊರೆದದ್ದು ಎಷ್ಟು? ಒಳಗಿನಿಂದ ನೋಡಿದರೆ ಗೊತ್ತಾಗುತ್ತದೆ. ಕಾರ್ಖಾನೆಯ ತೂತು ನುಣ್ಣಗೆ, ಒಂದೇ ಸಾಲಿನಲ್ಲಿ ಇರುತ್ತದೆ. ಊರಿನ ತೂತಿನ ಸುತ್ತ ಕಟ್ಟಿಗೆ ಎದ್ದಿರುತ್ತದೆ, ಒಳಬಣ್ಣ ಚೂರು ಹಾರಿರುತ್ತದೆ. ನಮ್ಮ ಭಾಗದ ಸೆಟ್ಟುಗಳಿಗೆ ಇಂಥ ತೂತು ಬೀಳುವುದಕ್ಕೆ ಕಾರಣವೂ ನಮ್ಮದೇ. ಗಣಪತಿ ಮೆರವಣಿಗೆಯಲ್ಲಿ, ಮದುವೆ ವರಾತದಲ್ಲಿ ಬ್ಯಾಂಜೋ ಪಾರ್ಟಿಯವರು ಸೆಟ್ಟನ್ನು ಗಾಡಾದ ಮೇಲೆ, ಟ್ರಾಲಿಯ ಮೇಲೆ ಬಿಗಿಯುತ್ತಾರೆ. ಗಾಡಾ ಅಲುಗಿದರೂ ಡ್ರಮ್ಮು ಅಲುಗಬಾರದು. ಬಾಸಿನ ಹೊಟ್ಟೆಗೇ ಬೋಲ್ಟು ಹೊಡೆದುಬಿಡುತ್ತಾರೆ. ಟಾಮಿನ ಬ್ರ್ಯಾಕೆಟ್ ಮುರಿದರೆ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದು ಮಾಡಿಸಿ, ಹಳೆಯ ತೂತಿನ ಪಕ್ಕದಲ್ಲೇ ಇನ್ನೆರಡು ಕೊರೆಯುತ್ತಾರೆ. ಅವರ ಹೊಟ್ಟೆಪಾಡಿಗೆ ಅದು ಸರಿಯೇ. ಸಂಗ್ರಹಕಾರನ ಕಣ್ಣಿಗೆ ಒಂದೊಂದು ತೂತೂ ಒಂದೊಂದು ಗಾಯ.

ಎರಡು ಮೂರು ಸಣ್ಣ ತೂತಿದ್ದರೆ ಆ ಡ್ರಮ್ಮಿನ ಬೆಲೆಯಲ್ಲಿ ಕಾಲು ಭಾಗ ಕಳೆಯಿರಿ. ಹೊದಿಕೆ ಬದಲಾಗಿದ್ದರೆ, ಬಣ್ಣ ಹೊಡೆದಿದ್ದರೆ ಅರ್ಧ ಹೋಯಿತು ಎಂಬುದು ಹಳೆಯ ಡ್ರಮ್ ವ್ಯಾಪಾರಿಗಳ ನಡುವೆ ರೂಢಿಯಲ್ಲಿರುವ ಲೆಕ್ಕ. ನಮ್ಮ ಅನುಭವವೂ ಅದೇ. ಶೆಲ್ಲಿನ ಎತ್ತರ ಕತ್ತರಿಸಿ ಗಿಡ್ಡ ಮಾಡಿದ್ದರೆ ಬಿಡಿಭಾಗಗಳ ಬೆಲೆ ಮಾತ್ರ. ತದ್ವಿರುದ್ಧವಾಗಿ, ಹೆಡ್ ಬದಲಾದರೆ ಒಂದು ಪೈಸೆಯೂ ಕಡಿಮೆಯಿಲ್ಲ. ಅದು ಗಾಡಿಯ ಟಯರ್ ಇದ್ದ ಹಾಗೆ, ಸವೆಯಲಿಕ್ಕೇ ಇರುವುದು. ಅದರಲ್ಲೂ 1957ರಲ್ಲಿ ರೆಮೊ ಕಂಪನಿಯ ಪ್ಲಾಸ್ಟಿಕ್ ಹೆಡ್ ಬಂದ ಮೇಲೆ ಕರುವಿನ ಚರ್ಮದ ಹೆಡ್ ಬಳಸುವವರು ಕಡಿಮೆಯಾದರು. ನಿಮ್ಮ ಸೆಟ್ಟಿನಲ್ಲಿ ಇನ್ನೂ ಚರ್ಮವೇ ಇದ್ದರೆ ಬಿಸಾಡದೆ ಜೊತೆಗೆ ಕೊಡಿ.

ತುಕ್ಕಿನಲ್ಲಿಯೂ ಭೇದವಿದೆ. ಮೇಲ್ಮೈಯ ಕಂದು ತುಕ್ಕು ಕೊಳ್ಳುವವನೇ ತೆಗೆದುಕೊಳ್ಳುತ್ತಾನೆ. ಉಗುರಿಗೆ ಸಿಗುವ ಗುಳಿ ಬಿದ್ದಿದ್ದರೆ ಅದು ಹೋಗುವುದಿಲ್ಲ. ಹಾಗೆಂದು ಕ್ರೋಮ್ ಹಾಕಿಸಲು ಓಡಬೇಡಿ, ನಮ್ಮ ಕಥೆ ಮೇಲೆ ಓದಿದ್ದೀರಿ.

ಆರು: ಸ್ನೇರನ್ನು ಬೇರೆ ಇಡಿ

ಕೆಲವೊಮ್ಮೆ ಇಡೀ ಸೆಟ್ಟಿಗಿಂತ ಒಂದು ಸ್ನೇರ್ ಹೆಚ್ಚು ಬೆಲೆ ಬಾಳುತ್ತದೆ. ಲೋಹದ ಸ್ನೇರ್ ಆದರೆ ಮೊದಲು ಅಯಸ್ಕಾಂತ ಹಚ್ಚಿ. ಶೆಲ್ಲಿಗೆ ಅಂಟಿಕೊಂಡರೆ ಉಕ್ಕು, ಹೆಚ್ಚು ಆಸೆ ಬೇಡ. ಅಂಟದಿದ್ದರೆ ಅಲ್ಯುಮಿನಿಯಮ್ ಅಥವಾ ಹಿತ್ತಾಳೆ. ಎತ್ತಿದರೆ ಕೈ ಜಗ್ಗಿತೆಂದರೆ ಹಿತ್ತಾಳೆ. ಲುಡ್ವಿಗ್‌ನ ಸುಪ್ರಾಫೋನಿಕ್ ಎಂಬ ಸ್ನೇರ್ 1960ರ ದಶಕದ ಮೊದಲಲ್ಲಿ ಹಿತ್ತಾಳೆಯದಾಗಿತ್ತು, 1963ರ ಸುಮಾರಿನಿಂದ ಅಲ್ಯುಮಿನಿಯಮ್ ಮೇಲೆ ಕ್ರೋಮ್. ಅಲ್ಯುಮಿನಿಯಮ್ ಮೇಲೆ ಕ್ರೋಮ್ ಸರಿಯಾಗಿ ಕೂಡುವುದಿಲ್ಲ, ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ. ಅದು ಇದ್ದದ್ದೇ, ಅದನ್ನು ನೋಡಿ ನಕಲಿ ಎಂದು ತಿಳಿಯಬೇಡಿ.

ತಂತಿ ಎಳೆಯುವ ಲಿವರ್ ಅಸಲಿಯೇ, ಸರಾಗವಾಗಿ ಏರಿ ಇಳಿಯುತ್ತದೆಯೇ ನೋಡಿ. ಹಳೆಯ ಸ್ನೇರುಗಳಲ್ಲಿ ಮೊದಲು ಸಾಯುವುದೇ ಇದು. ಬದಲಿಸಿದ್ದರೆ, ಅದಕ್ಕಾಗಿ ಹೊಸ ತೂತು ಕೊರೆದಿದ್ದರೆ, ಆ ಸ್ನೇರಿನ ಅರ್ಧ ಬೆಲೆ ಕಳೆಯಿರಿ.

ಏಳು: ಸಿಂಬಲ್

ಸ್ಟ್ಯಾಂಡಿನ ಮೇಲೆ ಕೂಡಿಸಿ ಬಾರಿಸುವ ಈ ಲೋಹದ ತಟ್ಟೆಯನ್ನು ನಮ್ಮಲ್ಲಿ ಸೆಟ್ಟಿನ ಜೊತೆ ಪುಕ್ಕಟೆ ಎಂಬಂತೆ ಕೊಟ್ಟುಬಿಡುತ್ತಾರೆ. ಮೋಸ ಹೋಗುವುದು ಇಲ್ಲಿಯೇ.

ಕಂಚೋ ಹಿತ್ತಾಳೆಯೋ ಎಂದು ತಿಳಿಯಲು ನಮ್ಮ ಕಡೆಯವರಿಗೆ ಪಾಠ ಬೇಕಿಲ್ಲ. ಗುಡಿಯ ಜಾಗಟೆ ಕೇಳಿ ಬೆಳೆದವರು ನಾವು. ಬಡಿದರೆ ನಾದ ಹರಡಿ ನಿಧಾನ ಇಳಿದರೆ ಕಂಚು, ಪರಾತದಂತೆ ಢಣ್ ಎಂದು ಸತ್ತರೆ ಹಿತ್ತಾಳೆ. ಒಳ್ಳೆಯ ಸಿಂಬಲ್ಲಿನ ಕಂಚು ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ. ಹೆಸರಾಂತ ಸಿಂಬಲ್ ಕಂಪನಿ ಜಿಲ್ಜಿಯನ್‌ನ ಅಚ್ಚು ಇದೆಯೇ ಓರೆ ಬೆಳಕಿನಲ್ಲಿ ಹುಡುಕಿ. ಬರೆದ ಶಾಯಿ ಅಳಿಸಿರುತ್ತದೆ, ಒತ್ತಿದ ಅಚ್ಚು ಉಳಿದಿರುತ್ತದೆ. ಸ್ವಿಸ್ ಕಂಪನಿ ಪೈಸ್ಟೆಯ 2002 ಸರಣಿ 1971ರಿಂದ ಇದೆ. 2002 ಎಂಬ ಅಂಕಿ ನೋಡಿ ಇಸವಿ ಎಂದು ಓದಿ ಹೊಸ ಮಾಲೆಂದು ಅಗ್ಗಕ್ಕೆ ಕೊಟ್ಟವರನ್ನು ಕಂಡಿದ್ದೇನೆ.

ಅಂಚಿನಲ್ಲಿ ಸೀಳು ಇದೆಯೇ ಉಗುರು ಆಡಿಸಿ ನೋಡಿ. ನಡುವಿನ ತೂತು ಸವೆದು ಬೀಗದ ಕಿಂಡಿಯಂತಾಗಿದೆಯೇ ನೋಡಿ. ಸವೆದಿದ್ದರೆ ಬೆಲೆ ಇಳಿಯುತ್ತದೆ, ಸೀಳಿದ್ದರೆ ಬೀಳುತ್ತದೆ. ಕೊನೆಗೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಗ್ರಾಮಿನಲ್ಲಿ ಬರೆದಿಡಿ. ಸಿಂಬಲ್ ಕೊಳ್ಳುವವರು ತೂಕ ಕೇಳದೆ ಕೊಳ್ಳುವುದಿಲ್ಲ, ಭಂಗಾರದವನು ಕೇಳುವ ಕಾರಣ ಮಾತ್ರ ಬೇರೆ. ಹಳೆಯ ತೆಳು ಸಿಂಬಲ್ಲಿಗೆ ದಪ್ಪದಕ್ಕಿಂತ ಹೆಚ್ಚು ಬೇಡಿಕೆ. ಹಸಿರು ಕಿಲುಬು, ಕಪ್ಪು ಮಾಸಲು ಹಾಗೇ ಇರಲಿ. ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಮಾಡಿದರೆ ಉಳಿದ ಶಾಯಿ ಗುರುತೂ ಹೋಗುತ್ತದೆ.

ಸ್ಟ್ಯಾಂಡು, ಪೆಡಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಟ್ಟಿನ ಕಂಪನಿಯದೇ ಆದರೆ ಒಳ್ಳೆಯದು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ.

ಎಂಟು: ಬೆಲೆ ಎಲ್ಲಿ ನೋಡಬೇಕು

ಕೇಳುವ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ಒಎಲ್‌ಎಕ್ಸ್‌ನಲ್ಲಿ ಯಾರೋ ಎರಡು ಲಕ್ಷ ಎಂದು ಬರೆದು ಆರು ತಿಂಗಳಿಂದ ಕೂತಿದ್ದರೆ ಅದು ಬೆಲೆಯಲ್ಲ, ಆಸೆ. ರಿವರ್ಬ್ ಎಂಬ ವಾದ್ಯಗಳ ಜಾಲತಾಣದಲ್ಲಿ, ಇಬೇಯಲ್ಲಿ, ಈಗಾಗಲೇ ಮಾರಾಟವಾದವುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಅದನ್ನೇ ಒತ್ತಿ. ನಿಮ್ಮ ಸೆಟ್ಟಿನ ಕಂಪನಿ, ದಶಕ, ಅಳತೆ, ಬಣ್ಣ ನಾಲ್ಕೂ ಹೊಂದುವ ಮೂರು ಮಾರಾಟ ಹುಡುಕಿ. ಬಣ್ಣವನ್ನು ಬಿಡಬೇಡಿ, ಒಂದೇ ಸೆಟ್ಟು ಬಣ್ಣದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಆ ದಿನದ ದರದಲ್ಲಿ ರೂಪಾಯಿಗೆ ತಿರುಗಿಸಿ.

ಒಂಬತ್ತು: ಕಾಗದ ಪೆನ್ಸಿಲ್ ತಗೊಳ್ಳಿ

ಇಲ್ಲಿಯ ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ, ನಿಮ್ಮ ಅಂಕಿ ನಿಮಗೆ ಸಿಕ್ಕ ಮಾರಾಟಗಳಿಂದ ಬರಬೇಕು.

ಅಸಲಿ ಸ್ಥಿತಿಯ ನಾಲ್ಕು ಡ್ರಮ್ಮಿನ ಸೆಟ್ಟು ಹೊರದೇಶದಲ್ಲಿ 80,000 ರೂಪಾಯಿಗೆ ಹೋಗಿದೆ ಎನ್ನಿ. ಅದನ್ನು ಒಡೆಯಿರಿ: ಬಾಸ್ 32,000, ನೆಲದ ಟಾಮ್ 20,000, ಚಿಕ್ಕ ಟಾಮ್ 12,000, ಸ್ನೇರ್ 16,000. ನಿಮ್ಮ ಬಾಸಿಗೆ ಎರಡು ಊರಿನ ತೂತಿವೆ, ಕಾಲು ಭಾಗ ಕಳೆದು 24,000. ನೆಲದ ಟಾಮಿಗೆ ಒಂದು ಕಾಲಿಲ್ಲ, ಹೊದಿಕೆ ಬಾಯಿ ಬಿಟ್ಟಿದೆ, ಐದರಲ್ಲಿ ಒಂದು ಪಾಲು ಹೋಗಿ 16,000. ಚಿಕ್ಕದು ಶುದ್ಧ, 12,000. ಸ್ನೇರಿನ ಲಿವರ್ ಬದಲಾಗಿದೆ, 8,000. ಕೂಡಿದರೆ 60,000.

ಇದು ಅಲ್ಲಿಯ ಬೆಲೆ. ಇಲ್ಲಿ ಕೊಳ್ಳುವವರು ಬೆರಳೆಣಿಕೆ, ಅದಕ್ಕೆ ನಾನು ಮೂರನೇ ಒಂದು ಪಾಲು ಇಳಿಸುತ್ತೇನೆ: 40,000. ಕೊಳ್ಳುವವನು ಹೆಡ್ಡು ಹಾಕಿಸಿ ಬಾರಿಸುವಂತೆ ಮಾಡಿಕೊಳ್ಳಲು 6,000 ಹಾಕಬೇಕು ಎಂದರೆ ಅವನ ಲೆಕ್ಕದಲ್ಲಿ ಅದು 34,000ದ ಸೆಟ್ಟು. ನೀವು 40 ಎನ್ನಿ, ಅವನು 28 ಎನ್ನುತ್ತಾನೆ, ಎಲ್ಲಿ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತು. ಸಿಂಬಲ್ ಈ ಲೆಕ್ಕದಲ್ಲಿಲ್ಲ. ಅದರ ಮಾತು ಸೆಟ್ಟಿನ ಮಾತು ಮುಗಿದ ಮೇಲೆ.

ಎಲ್ಲ ಕಳೆದು ಐದಾರು ಸಾವಿರಕ್ಕೆ ಬಂದು ನಿಂತರೆ ಬೇಸರಪಡಬೇಡಿ, ಹೆಚ್ಚಿನವು ಅಲ್ಲಿಗೇ ಬರುತ್ತವೆ. ಅಂಥದನ್ನು ಚರ್ಚಿನ ಹುಡುಗರಿಗೋ ಶಾಲೆಗೋ ಕೊಟ್ಟರೆ ಬಾರಿಸುತ್ತಾರೆ.

ಹತ್ತು: ಯಾರಿಗೆ, ಹೇಗೆ

ದೂರಕ್ಕೆ ಕಳಿಸುವ ಮುಂಚೆ ಕೊರಿಯರ್ ಲೆಕ್ಕ ತಿಳಿದಿರಲಿ. ವಿಮಾನದ ಕೊರಿಯರಿನವರು ತಕ್ಕಡಿಯ ತೂಕ ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಬಾಸ್ ಡ್ರಮ್ಮಿನ 60, 60, 45ರ ಪೆಟ್ಟಿಗೆ 32 ಕಿಲೋ ದಾಟುತ್ತದೆ, ಒಳಗೆ ಹೆಚ್ಚಿನದು ಗಾಳಿಯೇ ಆದರೂ. ಸ್ನೇರಿನ 40, 40, 22ರ ಪೆಟ್ಟಿಗೆ 7 ಕಿಲೋ. ಹಾಗಾಗಿ ಸ್ನೇರನ್ನೂ ಸಿಂಬಲ್ಲನ್ನೂ ಬೆಂಗಳೂರಿಗೋ ಮುಂಬೈಗೋ ಕಳಿಸಿ ಮಾರಬಹುದು. ದೊಡ್ಡ ಡ್ರಮ್ಮುಗಳನ್ನು ಬಂದು ಒಯ್ಯುವವರಿಗೇ ಕೊಡುವುದು ಲೇಸು. ಕಳಿಸಲೇಬೇಕೆಂದರೆ ಒಂದು ಬದಿಯ ಹೆಡ್ ಬಿಚ್ಚಿ, ಪಾತ್ರೆ ಇಟ್ಟಂತೆ ಒಂದರೊಳಗೆ ಒಂದು ಇಡಿ, ನಡುವೆ ಹಳೆಯ ಕೌದಿ.

ಬೆಳಗಾವಿಯವರಿಗೆ ಒಂದು ಅನುಕೂಲವಿದೆ: ಚೋರ್ಲಾ ಘಾಟ್ ಇಳಿದರೆ ಗೋವೆ. ಅಲ್ಲಿ ಇಂದಿಗೂ ಮದುವೆಗೆ, ಹಬ್ಬಕ್ಕೆ ಕೈಯಿಂದ ಬಾರಿಸುವ ಬ್ಯಾಂಡುಗಳಿವೆ, ಹಳೆಯ ಸೆಟ್ಟಿನ ಬೆಲೆ ಬಲ್ಲವರಿದ್ದಾರೆ. ಮಳೆಗಾಲದಲ್ಲಿ ಮಾತ್ರ ತೆರೆದ ಗಾಡಿಯಲ್ಲಿ ಒಯ್ಯಬೇಡಿ. ಬಾಗಲಕೋಟೆ, ವಿಜಯಪುರದವರಿಗೆ ಹುಬ್ಬಳ್ಳಿ ಅಥವಾ ಸೊಲ್ಲಾಪುರ ಹತ್ತಿರ.

ಗಿರಾಕಿಗೆ ಕೊರತೆಯನ್ನು ನೀವೇ ಮೊದಲು ತೋರಿಸಿ, ತೂತಿನ ಫೋಟೋವನ್ನೂ ಕಳಿಸಿ. ಬಂದ ಮೇಲೆ ಕಂಡರೆ ಅವನು ಎರಡು ಪಟ್ಟು ಕಡಿಯುತ್ತಾನೆ. ಬಾರಿಸಿ ನೋಡಲು ಬಿಡಿ, ಆದರೆ ಕೋಲು ಅವನದೇ ಇರಲಿ: ಕೋಲು ತರದೆ ಡ್ರಮ್ ಕೊಳ್ಳಲು ಬಂದವನು ಮರುಮಾರಾಟದ ವ್ಯಾಪಾರಿ, ಅವನ ಲೆಕ್ಕದಲ್ಲಿ ಅವನ ಲಾಭವೂ ಸೇರಿರುತ್ತದೆ.

ಕೊನೆಗೆ ಎಲ್ಲ ಸಾಮಾನು ಕೊಟ್ಟೆವೋ ಇಲ್ಲವೋ ಎಂದು ಡಬ್ಬಿ ನೋಡಿಕೊಳ್ಳಿ. ನಾವು ಕೀ ಕೊಡುವುದನ್ನು ಮರೆತೆವು. ಹುಬ್ಬಳ್ಳಿಯವರೂ ಕೇಳಲಿಲ್ಲ. ಈಗಲೂ ಅದು ನಮ್ಮ ಮನೆಯ ಬೀಗದ ಕೀಗಳ ಗೊಂಚಲಿನಲ್ಲಿದೆ, ಮಕ್ಕಳು ಎಲ್ಲ ಬೀಗಕ್ಕೂ ಹಾಕಿ ನೋಡುತ್ತಿರುತ್ತಾರೆ.